ಹೆಡ್‌ಫೋನ್ ಕೇಬಲ್ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ? ಯಾವ ವೈರ್, ಯಾವ ಪ್ಲಗ್, ಬೆಸುಗೆ ಹೇಗೆ?

ನೀವು ಕೇಳಿದ್ದು ಇಷ್ಟು: ಎರಡೂ ಕಪ್‌ಗಳಲ್ಲಿ ಬೇರೆ ಬೇರೆ 3.5 ಮಿ.ಮೀ. ಸಾಕೆಟ್ ಇರುವ ಹೆಡ್‌ಫೋನ್ ಇದೆ, ಜೊತೆಗೆ ಬಂದ ಮೂರು ಮೀಟರ್ ಕೇಬಲ್ ಪ್ಲಗ್ಗಿನ ಬುಡದಲ್ಲಿ ತುಂಡಾಗಿದೆ, ಒಂದೂವರೆ ಮೀಟರಿನ ಮೆತ್ತಗಿನ ಕೇಬಲ್ ನಾನೇ ಮಾಡಿಕೊಳ್ಳಬಹುದಾ, ಬೆಳ್ಳಿ ವೈರ್ ಹಾಕಿದರೆ ಸೌಂಡ್ ಸುಧಾರಿಸುತ್ತದಾ?

ಮಾಡಿಕೊಳ್ಳಬಹುದು. ಬೆಳ್ಳಿಯಿಂದ ಏನೂ ಸುಧಾರಿಸುವುದಿಲ್ಲ. ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇ 6ರಷ್ಟು ಮಾತ್ರ ಒಳ್ಳೆಯ ವಾಹಕ. ಅದೇ ತಾಮ್ರದಲ್ಲಿ ಒಂದು ಗೇಜ್ (ವೈರಿನ ದಪ್ಪದ ಅಳತೆ, ಇಲ್ಲಿ ಎಲ್ಲ ಕಡೆ ಅಮೆರಿಕನ್ ಗೇಜ್; ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ) ದಪ್ಪ ತೆಗೆದುಕೊಂಡರೆ ಅದರ ನಾಲ್ಕು ಪಟ್ಟು ಲಾಭ. ಸ್ವಂತ ಕೇಬಲ್‌ನಿಂದ ನಿಜವಾಗಿ ಸಿಗುವುದು ಬೇಕಾದಷ್ಟೇ ಉದ್ದ, ಹಗುರ, ಬಟ್ಟೆಗೆ ಉಜ್ಜಿದಾಗ ಕಿವಿಯಲ್ಲಿ ಬರುವ ಗರಗರ ಕಡಿಮೆ, ಮುರಿದರೆ ಮತ್ತೆ ಬಿಚ್ಚಿ ರಿಪೇರಿ ಮಾಡುವ ಅನುಕೂಲ. ಕೇಬಲ್ ಕೈಕೊಡುವುದು ಬಹುಪಾಲು ವೈರ್ ಪ್ಲಗ್ಗಿನೊಳಗೆ ಹೋಗುವ ಆ ಎರಡು ಸೆಂಟಿಮೀಟರ್‌ನಲ್ಲಿ. ಹಾಗಾಗಿ ವೈರಿನ ಬಗ್ಗೆ ಕಡಿಮೆ ಬರೆದು, ಪ್ಲಗ್ಗಿನ ಬಗ್ಗೆ ಹೆಚ್ಚು ಬರೆಯುತ್ತೇನೆ.

ಮೊದಲ ಕೆಲಸ ಮಲ್ಟಿಮೀಟರಿನದು, ಬೆಸುಗೆಯದಲ್ಲ. ಹಳೆಯ ಕೇಬಲ್ ಎಸೆಯಬೇಡಿ. ಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಆಂಪ್ (ಹೆಡ್‌ಫೋನಿಗೆ ಸಿಗ್ನಲ್ ಕೊಡುವ ಆಂಪ್ಲಿಫೈಯರ್) ಕಡೆಯ ಪ್ಲಗ್ಗಿನ ಒಂದೊಂದು ಭಾಗವೂ ಕಿವಿ ಕಡೆಯ ಪ್ಲಗ್ಗಿನ ಯಾವ ಭಾಗಕ್ಕೆ ಸೇರಿದೆ ಎಂದು ನೋಡಿ ಕಾಗದದ ಮೇಲೆ ಚಿತ್ರ ಬರೆದುಕೊಳ್ಳಿ. ಒಳಗೆ ತುಂಡಾದ ಕಡೆ ಬಗ್ಗಿಸಿ ಹಿಡಿದರೆ ಒಂದು ಕ್ಷಣವಾದರೂ ಬೀಪ್ ಬರುತ್ತದೆ. ಬಾರದಿದ್ದರೆ ಪ್ಲಗ್ ಕತ್ತರಿಸಿ, ವೈರಿನಿಂದಲೇ ಅಳೆಯಿರಿ. ಸ್ಟೀರಿಯೋ ಪ್ಲಗ್ಗಿನಲ್ಲಿ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಇದು ಎಲ್ಲ ಕಡೆಯೂ ಒಂದೇ. ಕಿವಿ ಕಡೆ ಮಾತ್ರ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ನಿಮ್ಮಂಥ ಜೋಡಿ 3.5 ಸಾಕೆಟ್‌ಗಳಲ್ಲಿ ಸಾಮಾನ್ಯವಾಗಿ ತುದಿ ಪ್ಲಸ್, ಬುಡ ಮೈನಸ್. ಹಾಗಿದ್ದರೂ ಅಳೆದೇ ನಂಬಿ. ಹಳೆಯ ಪ್ಲಗ್ಗಿನಲ್ಲಿ ಎಷ್ಟು ಕಪ್ಪು ಪಟ್ಟಿ ಇದೆಯೋ ಹೊಸದರಲ್ಲೂ ಅಷ್ಟೇ ಇರಲಿ. ಹೆಡ್‌ಫೋನ್ ಕಪ್‌ನಲ್ಲಿ ಸಾಕೆಟ್ಟಿನ ರಂಧ್ರ ಒಳಸೇರಿಕೊಂಡಿದ್ದರೆ ಹೊಸ ಪ್ಲಗ್ಗಿನ ಕವಚದ ವ್ಯಾಸವನ್ನೂ ಅಳೆಯಿರಿ. ಎಲ್ಲ ಮುಗಿಸಿದ ಮೇಲೆ ಪ್ಲಗ್ ಒಳಗೇ ಹೋಗುವುದಿಲ್ಲ ಎಂದು ಗೊತ್ತಾಗುವುದು ಈ ಹವ್ಯಾಸದ ಅತಿ ಸಾಮಾನ್ಯ ದುಃಖ.

ಇನ್ನು ವೈರ್. ಕಿವಿಗೆ ಎರಡರಂತೆ ಒಟ್ಟು ನಾಲ್ಕು ಎಳೆ ಬೇಕು. 26 ಗೇಜಿನ ತಾಮ್ರಕ್ಕೆ ಮೀಟರಿಗೆ ಸುಮಾರು 0.134 ಓಮ್. ಒಂದೂವರೆ ಮೀಟರ್ ಹೋಗಿ ಬಂದರೆ 0.4 ಓಮ್. 32 ಓಮ್ ಹೆಡ್‌ಫೋನಿನಲ್ಲಿ ಇದರಿಂದ ಆಗುವ ನಷ್ಟ 0.1 ಡೆಸಿಬೆಲ್, 300 ಓಮ್‌ನಲ್ಲಿ ಲೆಕ್ಕಕ್ಕೇ ಇಲ್ಲ. 24 ಗೇಜ್ ಆದರೆ ಮೀಟರಿಗೆ 0.084 ಓಮ್, ಆದರೆ ಪ್ಲಗ್ಗಿನೊಳಗೆ ತುರುಕುವುದು ಕಷ್ಟ. 28 ಕೂಡ ನಡೆಯುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ ಅಷ್ಟೇ. ನಾನು 26 ಎನ್ನುತ್ತೇನೆ. ಗೇಜಿಗಿಂತ ಮುಖ್ಯವಾದದ್ದು ಒಂದೊಂದು ಎಳೆಯ ಒಳಗಿರುವ ಸಣ್ಣ ತಂತಿಗಳ ಸಂಖ್ಯೆ: ಅದೇ ದಪ್ಪದಲ್ಲಿ ಏಳು ತಂತಿಯದು ಕಡ್ಡಿಯಂತಿರುತ್ತದೆ, ಮೂವತ್ತು ನಲವತ್ತು ತಂತಿಯದು ದಾರದಂತೆ ಬಾಗುತ್ತದೆ. ಒಂದೇ ತಂತಿಯ ವೈರ್ ಬೇಡವೇ ಬೇಡ, ಹತ್ತಾರು ಸಲ ಬಾಗಿದರೆ ಮುರಿಯುತ್ತದೆ.

ನಾಲ್ಕು ಎಳೆ ಯಾಕೆ, ಮೂರು ಸಾಲದೇ ಎಂದು ಕೇಳುವವರಿದ್ದಾರೆ. ಆಂಪಿನಲ್ಲಿ ಹೇಗೂ ಎರಡೂ ಮೈನಸ್ ಒಂದೇ ಗ್ರೌಂಡಿಗೆ ಸೇರುತ್ತವಲ್ಲ? ಸೇರುತ್ತವೆ. ಆದರೆ ಒಂದೂವರೆ ಮೀಟರ್ ಉದ್ದಕ್ಕೂ ಒಂದೇ ಗ್ರೌಂಡ್ ವೈರನ್ನು ಇಬ್ಬರೂ ಹಂಚಿಕೊಂಡರೆ, ಅದರ 0.2 ಓಮ್‌ನಲ್ಲಿ ಎಡದ ಸಿಗ್ನಲ್ಲಿನ ಒಂದಿಷ್ಟು ಬಲಕ್ಕೆ ಸೋರುತ್ತದೆ. 32 ಓಮ್ ಹೆಡ್‌ಫೋನಿನಲ್ಲಿ ಈ ಸೋರಿಕೆ ಸುಮಾರು ಮೈನಸ್ 44 ಡೆಸಿಬೆಲ್. ಎರಡೂ ಮೈನಸ್‌ಗಳನ್ನು ಪ್ಲಗ್ಗಿನ ಬುಡದಲ್ಲಿ ಮಾತ್ರ ಸೇರಿಸಿದರೆ ಕೇಬಲ್ಲಿನಿಂದಾಗುವ ಸೋರಿಕೆ ಹೆಚ್ಚುಕಡಿಮೆ ಹೋಗುತ್ತದೆ. ಮುಂದೆ ಬ್ಯಾಲೆನ್ಸ್ಡ್ ಪ್ಲಗ್ (ಎಡ ಬಲದ ಮೈನಸ್ ಬೇರೆ ಬೇರೆಯಾಗಿಯೇ ಉಳಿಯುವಂಥದ್ದು) ಹಾಕಬೇಕೆನಿಸಿದರೂ ಅದೇ ಕೇಬಲ್ ಸಾಕು.

ವೈರಿನಲ್ಲಿ ಎರಡು ದಾರಿ. ಒಂದು, ನಾಲ್ಕು ಬಿಡಿ ವೈರ್ ತಂದು ಜಡೆ ಹೆಣೆಯುವುದು. ಇನ್ನೊಂದು, ಮೈಕ್‌ಗೆ ಬಳಸುವ ನಾಲ್ಕೆಳೆ ಕೇಬಲ್. ಎರಡನೆಯದು ಮೊದಲ ಸಲದವರಿಗೆ ಸುಲಭ; ಮೊಗಾಮಿ ಡಬ್ಲ್ಯೂ2893 ಎಂಬುದರಲ್ಲಿ 26 ಗೇಜಿನ ನಾಲ್ಕು ಎಳೆ, ಹೊರ ವ್ಯಾಸ 4.8 ಮಿ.ಮೀ. ಕ್ಯಾನರೆ ಎಲ್-4ಇ6ಎಸ್ ಗಟ್ಟಿಮುಟ್ಟು, ಆದರೆ 6 ಮಿ.ಮೀ. ದಪ್ಪ, ತಲೆಗೆ ತೋಟದ ಪೈಪು ಕಟ್ಟಿಕೊಂಡಂತಾಗುತ್ತದೆ. ಈ ಕ್ಯಾನರೆಯೊಳಗೆ ಎರಡು ನೀಲಿ, ಎರಡು ಬಿಳಿ ಎಳೆ ಇರುತ್ತವೆ. ಬಣ್ಣ ನೋಡಿ ಮೋಸ ಹೋಗದೆ, ಮೀಟರ್ ಹಿಡಿದು ಒಂದು ನೀಲಿಗೂ ಒಂದು ಬಿಳಿಗೂ ಎರಡೂ ತುದಿಯಲ್ಲಿ ಮಾರ್ಕರಿನಿಂದ ಚುಕ್ಕೆ ಇಡಿ. ಹೊರಗಿನ ಶೀಲ್ಡ್ (ಎಳೆಗಳ ಸುತ್ತಲಿನ ತಂತಿ ಜಾಲ) ಹೆಡ್‌ಫೋನಿಗೆ ಬೇಕಿಲ್ಲ. ಇದ್ದರೆ ಆಂಪ್ ಕಡೆ ಮಾತ್ರ ಬುಡಕ್ಕೆ ಬೆಸೆದು, ಕಿವಿ ಕಡೆ ಕತ್ತರಿಸಿ ಬಿಡಿ.

ಬಿಡಿ ವೈರ್ ಆದರೆ ಹೆಣೆದಾಗ ಉದ್ದ ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. 1.5 ಮೀಟರಿಗೆ ಒಂದೊಂದೂ 2 ಮೀಟರಿನಂತೆ ಕತ್ತರಿಸಿ, ಒಟ್ಟು 8 ಮೀಟರ್. ಆಂಪ್ ಕಡೆಯ ತುದಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಹೆಣೆಯಲು ಶುರು ಮಾಡಿ. ಬಲ ಅಂಚಿನ ಎಳೆಯನ್ನು ನಡುವಿನ ಎರಡರ ಹಿಂದಿನಿಂದ ತಂದು, ಒಂದರ ಮೇಲೆ ವಾಪಸ್ ಬಲಕ್ಕೆ ತನ್ನಿ. ಆಮೇಲೆ ಎಡ ಅಂಚಿನದನ್ನು ಹಾಗೆಯೇ. ಇಷ್ಟೇ, ಇದನ್ನೇ ಮಾಡುತ್ತಾ ಹೋಗಬೇಕು. ತೀರಾ ಬಿಗಿ ಮಾಡಿದರೆ ಕೇಬಲ್ ಕೋಲಾಗುತ್ತದೆ. 1.1 ಮೀಟರ್ ಆದ ಮೇಲೆ ನಿಲ್ಲಿಸಿ, ಎರಡೆರಡಾಗಿ ಕವಲು ಒಡೆದು, ಉಳಿದ 40 ಸೆಂ.ಮೀ. ಜೋಡಿಗಳನ್ನು ಹೊಸೆದರೆ ಸಾಕು. ಕವಲಿನಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಮೈಕ್ ಕೇಬಲ್ ಆದರೆ ಕೊನೆಯ 40 ಸೆಂ.ಮೀ. ಹೊರಸಿಪ್ಪೆ ತೆಗೆದು, ಎರಡೆರಡು ಎಳೆಯನ್ನು ತೆಳು ನೈಲಾನ್ ತೋಳಿನಲ್ಲಿ ತೂರಿಸಿ. ಸಿಪ್ಪೆ ಸೀಳುವಾಗ ಬ್ಲೇಡ್ ಒಳಗಿನ ಎಳೆಗೆ ತಾಗಿದರೆ ಅಲ್ಲಿಂದ ಕತ್ತರಿಸಿ ಮತ್ತೆ ಶುರು ಮಾಡುವುದೇ ಕ್ಷೇಮ.

ಈಗ ಬೆಸುಗೆ. ಬೇಕಾದ್ದು ತಾಪ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, 2 ಮಿ.ಮೀ. ಚಪ್ಪಟೆ ತುದಿ, ಒಳಗೆ ರೋಸಿನ್ ಫ್ಲಕ್ಸ್ (ಬೆಸುಗೆ ಅಂಟಲು ನೆರವಾಗುವ ರಾಳ) ಇರುವ 0.8 ಮಿ.ಮೀ. ದಪ್ಪದ 63/37 ಸೋಲ್ಡರ್ (ತವರ 63, ಸೀಸ 37 ಪಾಲಿನ ಬೆಸುಗೆ ತಂತಿ). ಇದು 183 ಡಿಗ್ರಿಗೆ ಒಂದೇ ಸಲ ಕರಗುತ್ತದೆ, ಒಂದೇ ಸಲ ಗಟ್ಟಿಯಾಗುತ್ತದೆ, ಕೈ ಅಲುಗಿದರೂ ಬೆಸುಗೆ ಹಾಳಾಗುವ ಸಂಭವ ಕಡಿಮೆ. ಐರನ್ 340 ಡಿಗ್ರಿಯಲ್ಲಿರಲಿ. ಸೀಸವಿಲ್ಲದ ಸೋಲ್ಡರ್ 217 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೆ 370 ಬೇಕು. ಪೈಪಿಗೆ ಹಾಕುವ ಆಸಿಡ್ ಫ್ಲಕ್ಸ್ ಹತ್ತಿರವೂ ತರಬೇಡಿ, ಕೆಲವೇ ತಿಂಗಳಲ್ಲಿ ವೈರನ್ನು ತಿಂದುಹಾಕುತ್ತದೆ. ಸೀಸ ಮುಟ್ಟಿದ ಕೈಯನ್ನು ತೊಳೆದೇ ಊಟಕ್ಕೆ ಕೂರಿ, ಕಿಟಕಿ ತೆರೆದಿರಲಿ.

ಐರನ್ ಬಿಸಿ ಮಾಡುವ ಮೊದಲು ಪ್ಲಗ್ಗಿನ ಹೊರ ಕವಚ, ಅದರೊಳಗಿನ ಪ್ಲಾಸ್ಟಿಕ್ ಕೊಳವೆ, ಹೀಟ್ ಶ್ರಿಂಕ್ ತುಂಡುಗಳು ಎಲ್ಲ ವೈರಿನ ಮೇಲೆ, ಸರಿಯಾದ ದಿಕ್ಕಿನಲ್ಲಿ, ಏರಿವೆಯಾ ನೋಡಿ. ಬೆಸೆದ ಮೇಲೆ ಕವಚ ಮೇಜಿನ ಮೇಲೆ ಉಳಿದಿದ್ದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಶ್ರಿಂಕ್ ತುಂಡುಗಳನ್ನು ಕನಿಷ್ಠ 3 ಸೆಂ.ಮೀ. ಹಿಂದಕ್ಕೆ ತಳ್ಳಿ, ಇಲ್ಲದಿದ್ದರೆ ಐರನ್ನಿನ ಶಾಖಕ್ಕೆ ಅಲ್ಲೇ ಕುಗ್ಗಿ ಕೂರುತ್ತವೆ.

ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಬಿಡಿ 3.5 ಸಾಕೆಟ್ ತಂದು ಮರದ ತುಂಡಿಗೆ ಕೂರಿಸಿ, ಅದರೊಳಗೆ ಪ್ಲಗ್ ಚುಚ್ಚಿಟ್ಟು ಬೆಸೆಯಿರಿ. ಪ್ಲಗ್ಗಿನ ಭಾಗಗಳನ್ನು ಬೇರ್ಪಡಿಸುವುದು ಪ್ಲಾಸ್ಟಿಕ್. ಶಾಖಕ್ಕೆ ಅದು ಮೆತ್ತಗಾದಾಗ ಲೋಹ ಓರೆಯಾಗುತ್ತದೆ, ಸಾಕೆಟ್ ಅದನ್ನು ನೇರ ಹಿಡಿದು ಒಂದಿಷ್ಟು ಶಾಖವನ್ನೂ ಎಳೆದುಕೊಳ್ಳುತ್ತದೆ. ಹೆಡ್‌ಫೋನಿನ ಅಥವಾ ಆಂಪಿನ ಸಾಕೆಟ್ಟನ್ನೇ ಇದಕ್ಕೆ ಬಳಸಬೇಡಿ ಎಂದು ಹೇಳಬೇಕಿಲ್ಲ ತಾನೇ.

ಒಂದೊಂದು ಎಳೆಯನ್ನೂ 3 ಮಿ.ಮೀ. ಸುಲಿದು, ಅದರೊಳಗಿನ ಸಣ್ಣ ತಂತಿಗಳನ್ನು ಹೊಸೆದು, ತೆಳ್ಳಗೆ ಸೋಲ್ಡರ್ ಕುಡಿಸಿ. ಪ್ಲಗ್ಗಿನ ಕಿವಿಗಳಿಗೂ (ವೈರ್ ಬೆಸೆಯುವ ಪುಟ್ಟ ತಗಡುಗಳಿಗೆ) ಒಂದೊಂದು ಚಿಕ್ಕ ಗುಡ್ಡೆ ಸೋಲ್ಡರ್ ಇಡಿ. ಆಮೇಲೆ ಎರಡನ್ನೂ ತಾಗಿಸಿ ಐರನ್ ಇಟ್ಟರೆ ಒಂದೆರಡು ಸೆಕೆಂಡಿನಲ್ಲಿ ಒಂದಾಗುತ್ತವೆ. ಮೂರು ಸೆಕೆಂಡಾದರೂ ಸೇರದಿದ್ದರೆ ತೆಗೆದುಬಿಡಿ, ಪ್ಲಗ್ ಆರಲಿ, ಐರನ್ ತುದಿ ಒರೆಸಿ ಮತ್ತೆ ಪ್ರಯತ್ನಿಸಿ. ಮೊದಲು ತುದಿಯ ಕಿವಿ, ನಂತರ ಉಂಗುರದ್ದು, ಕೊನೆಗೆ ಬುಡ. ಬುಡದ ತಗಡು ದೊಡ್ಡದು, ಶಾಖ ನುಂಗುತ್ತದೆ, ಸೋಲ್ಡರ್ ಮೇಲೆ ಮಣಿಯಂತೆ ಕುಳಿತು ಕೆಳಗೆ ಅಂಟದೇ ಇರುವುದು ಇಲ್ಲಿಯೇ. ಅಲ್ಲಿ ಮೊದಲು ಮರಳು ಕಾಗದದಿಂದ ಉಜ್ಜಿ, ಎರಡೂ ಮೈನಸ್ ವೈರನ್ನು ಮೊದಲೇ ಒಟ್ಟಿಗೆ ಹೊಸೆದು ಬೆಸೆದುಕೊಂಡು, ನಂತರ ಕೂರಿಸಿ. ಪಿವಿಸಿ ಹೊದಿಕೆ ಶಾಖಕ್ಕೆ ಹಿಂದಕ್ಕೆ ಸರಿದು ಬರಿ ತಂತಿ ಕಾಣಿಸುತ್ತದೆ. ಅದಕ್ಕೇ 3 ಮಿ.ಮೀ. ಎಂದದ್ದು, 5 ಸುಲಿದರೆ ಪಕ್ಕದ್ದಕ್ಕೆ ತಾಗುತ್ತದೆ. ಕೂದಲಿನಂಥ ಒಂದು ಎಳೆ ಹೊರಗೆ ಉಳಿದರೂ ಕವಚ ತಿರುಗಿಸಿದಾಗ ಶಾರ್ಟ್ ಆಗುತ್ತದೆ.

ಹಳೆಯ ಕೇಬಲ್ಲಿನ, ಅರಗಿನಂಥ ಬಣ್ಣ ಬಳಿದ ತೆಳು ಎಳೆಗಳನ್ನು ಮತ್ತೆ ಬಳಸುವುದಾದರೆ ಒಂದು ಮಾತು. ಆ ಬಣ್ಣವೇ ಇನ್ಸುಲೇಷನ್. 400 ಡಿಗ್ರಿಯಲ್ಲಿ ಐರನ್ ತುದಿಯ ಮೇಲೆ ದೊಡ್ಡ ಸೋಲ್ಡರ್ ಹನಿ ಮಾಡಿ, ಎಳೆಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯಿರಿ, ಹೊಗೆಯೆದ್ದು ಬಣ್ಣ ಸುಟ್ಟ ಮೇಲೆ ಬೆಳ್ಳಗಾಗುತ್ತದೆ. ಹಾಗೆ ಮಾಡದೆ ಬೆಸೆದರೆ ನೋಡಲು ಚೆಂದ, ಕರೆಂಟ್ ಮಾತ್ರ ಹರಿಯದು.

ಬೆಸೆದಾದ ಮೇಲೆ ಪ್ಲಗ್ಗಿನ ಹಿಂಭಾಗದ ತಗಡು ಕೈಗಳನ್ನು ಇಕ್ಕಳದಿಂದ ಮಡಚಿ. ಅವು ಹಿಡಿಯಬೇಕಾದ್ದು ಹೊರಸಿಪ್ಪೆಯನ್ನು, ಒಳಗಿನ ಎಳೆಗಳನ್ನಲ್ಲ. ಬಿಡಿ ಎಳೆಗಳ ಜಡೆಯಾದರೆ ಅದರ ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಎರಡು ಪದರ ಹಾಕಿ ದಪ್ಪ ಮಾಡಿ, ಆಮೇಲೆ ಮಡಚಿ. ಕೇಬಲ್ ಎಳೆದಾಗ ಭಾರ ಈ ಮಡಿಕೆಯ ಮೇಲೆ ಬೀಳಬೇಕು, ಬೆಸುಗೆಯ ಮೇಲೆ ಒಂದು ಗ್ರಾಮೂ ಬೀಳಬಾರದು. ಸೋಲ್ಡರ್ ಕುಡಿದ ವೈರ್ ಗಟ್ಟಿ, ಕುಡಿಯದ ಭಾಗ ಮೆತ್ತಗೆ. ಆ ಗಡಿಯಲ್ಲೇ ಬಾಗಿ ಬಾಗಿ ಮುರಿಯುವುದು. ಆ ಗಡಿ ಕವಚದ ಒಳಗೆ, ಅಲುಗದ ಜಾಗದಲ್ಲಿ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಎಪಾಕ್ಸಿ ತುಂಬುವವರೂ ಇದ್ದಾರೆ, ನನಗೆ ಹಿಡಿಸದು; ಮುಂದೆ ಬಿಚ್ಚಲಾಗುವುದಿಲ್ಲ. ಒಂದು ಹನಿ ಹಾಟ್ ಗ್ಲೂ ಸಾಕು.

ಬ್ಯಾಲೆನ್ಸ್ಡ್ ಬೇಕೆನಿಸಿದರೆ: 4.4 ಮಿ.ಮೀ. ಪ್ಲಗ್ಗಿನಲ್ಲಿ ತುದಿಯಿಂದ ಕ್ರಮವಾಗಿ ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್, ಬುಡ ಗ್ರೌಂಡ್. ನಾಲ್ಕು ಪಿನ್ನಿನ ಪ್ಲಗ್ಗಾದ ಎಕ್ಸ್‌ಎಲ್‌ಆರ್‌ನಲ್ಲೂ 1ರಿಂದ 4ರವರೆಗೆ ಇದೇ ಕ್ರಮ. 2.5 ಮಿ.ಮೀ. ಮಾತ್ರ ಉಲ್ಟಾ: ತುದಿ ಬಲ ಮೈನಸ್, ಆಮೇಲೆ ಬಲ ಪ್ಲಸ್, ಎಡ ಪ್ಲಸ್, ಬುಡ ಎಡ ಮೈನಸ್. ಬ್ಯಾಲೆನ್ಸ್ಡ್ ಕೇಬಲ್ ಮಾಡಿ, ಅದಕ್ಕೆ ಸಾಧಾರಣ 3.5ರ ಗಿಡ್ಡ ಅಡಾಪ್ಟರ್ ಮಾಡಿಕೊಳ್ಳಬಹುದು. ಇದರ ತಿರುವುಮುರುವು ಖಂಡಿತ ಬೇಡ: 3.5 ಪ್ಲಗ್ಗಿನ ಕೇಬಲ್ಲನ್ನು ಅಡಾಪ್ಟರ್ ಹಾಕಿ ಬ್ಯಾಲೆನ್ಸ್ಡ್ ಆಂಪಿಗೆ ಚುಚ್ಚಿದರೆ ಎಡ ಬಲದ ಮೈನಸ್ ಎರಡೂ ಒಂದಾಗುತ್ತವೆ. ಅಲ್ಲಿ ಮೈನಸ್ ಎಂದರೆ ಗ್ರೌಂಡ್ ಅಲ್ಲ, ಅದೂ ಒಂದು ಔಟ್‌ಪುಟ್ಟೇ, ಆಂಪ್ ಸುಟ್ಟುಹೋಗಬಹುದು.

ಹೆಡ್‌ಫೋನಿಗೆ ಚುಚ್ಚುವ ಮೊದಲು ಮೀಟರಿನಲ್ಲಿ ಪರೀಕ್ಷಿಸಿ: ಆರಂಭದಲ್ಲಿ ಬರೆದ ಚಿತ್ರದ ಪ್ರಕಾರ ಸೇರಬೇಕಾದವು ಬೀಪ್ ಮಾಡಬೇಕು, ಸೇರಬಾರದವು ಸುಮ್ಮನಿರಬೇಕು, ಪ್ಲಗ್ಗಿನ ಹತ್ತಿರ ಕೇಬಲ್ ಅಲುಗಿಸಿದಾಗಲೂ ಬೀಪ್ ತಡವರಿಸಬಾರದು. ಕವಚ ಬಿಗಿದ ಮೇಲೆ ಇನ್ನೊಮ್ಮೆ. ಆಮೇಲೆ ಹೆಡ್‌ಫೋನ್ ಚುಚ್ಚಿ ಆಂಪ್ ಕಡೆಯ ಪ್ಲಗ್ಗಿನ ತುದಿಗೂ ಬುಡಕ್ಕೂ ನಡುವೆ ಓಮ್ ಅಳೆಯಿರಿ, ನಂತರ ಉಂಗುರಕ್ಕೂ ಬುಡಕ್ಕೂ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು, ಅಳೆಯುವಾಗ ಆಯಾ ಕಿವಿಯಲ್ಲಿ ಸಣ್ಣ ಟಿಕ್ ಕೇಳಬೇಕು. ಎಡ ಬಲ ಅದಲುಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಡು ಹಾಕಿದಾಗ ತಪ್ಪು ತಾನೇ ಮಾತಾಡುತ್ತದೆ. ಗಾಯಕರ ದನಿ ಮಾಯವಾಗಿ ಹಿಮ್ಮೇಳ ಮಾತ್ರ ದೂರದಿಂದ ಕೇಳಿದರೆ ಬುಡದ ಬೆಸುಗೆ ಹಿಡಿದಿಲ್ಲ, ಎರಡು ಮೈನಸ್ ಪರಸ್ಪರ ಸೇರಿವೆ, ಗ್ರೌಂಡಿಗೆ ಸೇರಿಲ್ಲ. ದನಿ ತಲೆಯ ನಡುವೆ ನಿಲ್ಲದೆ ಚದುರಿ, ಬೇಸ್ ಬೋಳಾಗಿ ಕೇಳಿದರೆ ಒಂದು ಕಿವಿಯಲ್ಲಿ ಪ್ಲಸ್ ಮೈನಸ್ ಅದಲುಬದಲು. ಎರಡೂ ಕಡೆ ಒಂದೇ ಥರ, ಸ್ಟೀರಿಯೋ ಇಲ್ಲದೆ ಬಂದರೆ ತುದಿಯೂ ಉಂಗುರವೂ ತಾಗುತ್ತಿವೆ. ಒಂದು ಕಿವಿ ಪೂರ್ತಿ ಮೌನವಾದರೆ ತಕ್ಷಣ ಆಂಪ್ ಆರಿಸಿ, ಶಾರ್ಟ್ ಇದ್ದರೂ ಇರಬಹುದು. ಎಲ್ಲ ಸರಿ ಇದ್ದರೆ ಬಲಗಿವಿಯ ಪ್ಲಗ್ಗಿಗೆ ಒಂದು ಕೆಂಪು ಶ್ರಿಂಕ್ ತುಂಡು ಏರಿಸಿ, ಎರಡೂ ಪ್ಲಗ್ ಒಂದೇ ಥರ ಇರುವುದರಿಂದ ಕತ್ತಲಲ್ಲಿ ಯಾವುದು ಯಾವ ಕಡೆ ಎಂದು ತಡಕಾಡಬೇಕಾಗುತ್ತದೆ.