ರಂಗುರಂಗಿನ ಮನುಷ್ಯ ಮೇಯರ್ ಆದರೆ ತಪ್ಪೇನು?

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಪಾಲಿಕೆ ಚುನಾವಣೆ ಬಂದರೆ ವಾಟಾಳ್ ನಾಗರಾಜ್ ಅವರೇ ನಿಂತು ಬೆಂಗಳೂರಿನ ಮೇಯರ್ ಆಗಬೇಕು ಅಂತ ನಮ್ಮ ವಾಕಿಂಗ್ ಗೆಳೆಯರೊಬ್ಬರು ದಿನಾ ವಾದಿಸುತ್ತಾರೆ. ಎಮ್ಮೆ, ಕತ್ತೆ ತಂದು ಪ್ರತಿಭಟನೆ ಮಾಡುವವರ ಕೈಗೆ ಊರು ಕೊಡೋಕಾಗುತ್ತಾ? ಮೇಯರ್ ಕುರ್ಚಿ ನಾಟಕದ ಸ್ಟೇಜ್ ಅಲ್ಲ. ಅಲ್ಲಿ ಕೂರಬೇಕಾದವರು ಗಂಭೀರ ಮನುಷ್ಯರು, ಎಂಜಿನಿಯರ್ ಆದರೆ ಇನ್ನೂ ಒಳ್ಳೆಯದು. ನೀವೇನಂತೀರಿ?"

ಮೇಷ್ಟ್ರೇ, ನಿಮ್ಮ ಆತಂಕಕ್ಕೆ ಆಧಾರ ಇದೆ. ಬೋರಿಸ್ ಜಾನ್ಸನ್ 2008ರಲ್ಲಿ ಲಂಡನ್ ಮೇಯರ್ ಆದರು. ಕೆದರಿದ ಕೂದಲು, ತಮಾಷೆ ಮಾತು, ಎಲ್ಲೆಲ್ಲೂ ಅವರದೇ ಸುದ್ದಿ. ಥೇಮ್ಸ್ ಮೇಲೆ ಗಿಡಮರ ತುಂಬಿದ ಸೇತುವೆ ಕಟ್ಟಿಸುತ್ತೇನೆ ಅಂದರು. 2017ರಲ್ಲಿ ಆ ಯೋಜನೆ ರದ್ದಾದಾಗ ಸುಮಾರು 4 ಕೋಟಿ ಪೌಂಡ್ ಸಾರ್ವಜನಿಕರ ಹಣ ಹೋಗಿತ್ತು, ಒಂದು ಕಂಬವೂ ಎದ್ದಿರಲಿಲ್ಲ. ಅಷ್ಟರ ಮಟ್ಟಿಗೆ ನೀವು ಹೇಳೋದು ಸರಿ.

ಆದರೆ ಬೊಗೋಟಾ ಕಥೆ ಕೇಳಿ. ಕೊಲಂಬಿಯಾದ ರಾಜಧಾನಿ. ಅಂಟಾನಾಸ್ ಮೋಕಸ್ ಅನ್ನುವವರು ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಗಣಿತ, ತತ್ವಶಾಸ್ತ್ರ ಓದಿದವರು, ನಿಮ್ಮ ಹಾಗೇ ಪಾಠ ಮಾಡಿದವರು. 1993ರಲ್ಲಿ ಗಲಾಟೆ ಮಾಡುತ್ತಿದ್ದ ವಿದ್ಯಾರ್ಥಿಗಳ ಮುಂದೆ ವೇದಿಕೆಯಲ್ಲೇ ಬೆನ್ನು ತಿರುಗಿಸಿ ಪ್ಯಾಂಟ್ ಇಳಿಸಿಬಿಟ್ಟರು! ಕೆಲಸ ಹೋಯಿತು. ಇಡೀ ದೇಶಕ್ಕೆ ಪರಿಚಯವಾದರು. 1995ಕ್ಕೆ ಬೊಗೋಟಾದ ಮೇಯರ್ ಕುರ್ಚಿಯಲ್ಲಿ ಕೂತಿದ್ದರು.

ಆಮೇಲೆ ಮಾಡಿದ್ದು ನೋಡಿ. ಟ್ರಾಫಿಕ್ ನಿಯಮ ಮುರಿಯುವವರ ಎದುರಿಗೆ ಮೂಕಾಭಿನಯದ ಕಲಾವಿದರನ್ನು ಬಿಟ್ಟರು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಹುಡುಗರು ಜೀಬ್ರಾ ಕ್ರಾಸಿಂಗ್ ಮೇಲೆ ಕಾರು ನಿಲ್ಲಿಸಿದವನನ್ನು ಅಣಕಿಸುತ್ತಿದ್ದರು. ದಂಡ ಇಲ್ಲ, ಬೈಗುಳ ಇಲ್ಲ. ಇಪ್ಪತ್ತು ಜನರಿಂದ ಶುರುವಾಗಿದ್ದು ನಾನೂರು ದಾಟಿತು. ಪಾದಚಾರಿಗಳು ಸತ್ತ ಜಾಗದಲ್ಲೆಲ್ಲ ರಸ್ತೆ ಮೇಲೆ ನಕ್ಷತ್ರ ಬರೆಸಿದರು. ಊರಿಗೆ ನೀರಿನ ಕೊರತೆ ಬಂದಾಗ ಟಿವಿಯಲ್ಲಿ ತಾವೇ ಸ್ನಾನ ಮಾಡಿ ತೋರಿಸಿದರು. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ, ನೀವೂ ಹೀಗೇ ಮಾಡಿ ಅಂದರು. ಜನ ಮಾಡಿದರು. ಎರಡನೇ ಅವಧಿಯಲ್ಲಿ, ಕೈಲಾದವರು 10 ಶೇಕಡಾ ಹೆಚ್ಚಿಗೆ ತೆರಿಗೆ ಕಟ್ಟಿ ಅಂತ ಕೇಳಿಕೊಂಡರು. 63,000 ಮಂದಿ ಕಟ್ಟಿದರು! ಅವರು ಹೋಗುವ ಹೊತ್ತಿಗೆ ರಸ್ತೆ ಅಪಘಾತದ ಸಾವು ಅರ್ಧಕ್ಕೂ ಕಡಿಮೆಯಾಗಿತ್ತು. ಕೊಲೆಗಳೂ ಬಹಳ ಇಳಿದಿದ್ದವು. ಶ್ರೇಯ ಎಲ್ಲ ಅವರೊಬ್ಬರದೇ ಅಲ್ಲ, ನಡುವೆ ಬೇರೆ ಮೇಯರ್ ಇದ್ದರು, ಪೊಲೀಸ್ ಸುಧಾರಣೆಯೂ ಆಗಿತ್ತು. ಆದರೂ ಒಂದು ಮಾತು ನಿಜ. ಜನ ಅವರ ಮುಖ ನೋಡುತ್ತಿದ್ದರು, ಅದಕ್ಕೇ ಅವರ ಮಾತು ಕಿವಿಗೆ ಬಿತ್ತು.

ನೀವು ಕೇಳುವ ಗಂಭೀರ ಎಂಜಿನಿಯರ್ "ನಲ್ಲಿ ನಿಲ್ಲಿಸಿ" ಅಂತ ಸುತ್ತೋಲೆ ಹೊರಡಿಸಿದ್ದರೆ ಯಾರು ಓದುತ್ತಿದ್ದರು ಹೇಳಿ?

ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ 2010ರಲ್ಲಿ ಹಾಸ್ಯ ನಟ ಯೋನ್ ಗ್ನಾರ್ ಸ್ವಂತ ಪಕ್ಷ ಕಟ್ಟಿ, ಈಜುಕೊಳಗಳಲ್ಲಿ ಉಚಿತ ಟವೆಲ್ ಕೊಡ್ತೀನಿ ಅಂತ ಪ್ರಚಾರ ಮಾಡಿ, 15ರಲ್ಲಿ 6 ಸೀಟು ಗೆದ್ದರು. ಮೇಯರ್ ಆಗಿ ನಾಲ್ಕು ವರ್ಷ ಪೂರ್ತಿ ಆಡಳಿತ ನಡೆಸಿದರು. ಅಷ್ಟು ದೂರ ಯಾಕೆ, ಛತ್ತೀಸಗಢದ ರಾಯಗಢದಲ್ಲಿ 2015ರಲ್ಲಿ ಮಧು ಕಿನ್ನರ್ ಪಕ್ಷೇತರರಾಗಿ ನಿಂತು ಮೇಯರ್ ಆದರು. ಅದಕ್ಕೂ ಮೊದಲು ರೈಲಿನಲ್ಲಿ ಹಾಡಿ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಲಿಂಗತ್ವ ಅಲ್ಪಸಂಖ್ಯಾತೆ ಅವರು. ದೊಡ್ಡ ಪಕ್ಷಗಳ ಗಂಭೀರ ಅಭ್ಯರ್ಥಿಗಳನ್ನು ಬಿಟ್ಟು ಜನ ಅವರನ್ನು ಆರಿಸಿದರು. ಅಲ್ಲಿ ಜನರೇ ನೇರವಾಗಿ ಮೇಯರ್‌ಗೆ ವೋಟು ಹಾಕಿದ್ದರಿಂದ ಅದು ಸಾಧ್ಯವಾಯಿತು.

ನನ್ನ ತಕರಾರು ಇರೋದೇ ಇಲ್ಲಿ. ವಾಟಾಳ್ ನಿಲ್ಲಬೇಕಾ ಬೇಡವಾ ಅಂತ ನೀವು, ನಿಮ್ಮ ಗೆಳೆಯರು ದಿನಾ ಜಗಳ ಆಡುತ್ತೀರಿ. ಬೆಂಗಳೂರಲ್ಲಿ ಮೇಯರ್ ಹುದ್ದೆಗೆ ಯಾರೂ ನಿಲ್ಲೋಕೇ ಆಗಲ್ಲ ಮೇಷ್ಟ್ರೇ! ಮೊದಲು ಒಂದು ವಾರ್ಡ್ ಗೆಲ್ಲಬೇಕು. ಆಮೇಲೆ ಆ ಸಲದ ಮೇಯರ್ ಮೀಸಲಾತಿಗೆ ಹೊಂದಬೇಕು. ಆಮೇಲೆ ಪಕ್ಷದ ಹಿರಿಯರು ಹೆಸರು ಹೇಳಬೇಕು. 2015ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. 198 ವಾರ್ಡ್‌ಗಳಲ್ಲಿ ಬಿಜೆಪಿ 100 ಗೆದ್ದಿತ್ತು. ಮೇಯರ್ ಆದವರು ಕಾಂಗ್ರೆಸ್‌ನವರು. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ವೋಟು ಇತ್ತಲ್ಲ, ಲೆಕ್ಕ ತಲೆಕೆಳಗಾಯಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ವೋಟು ಹಾಕಿದವನಿಗೆ ಏನನ್ನಿಸಿರಬೇಕು?

ಇಷ್ಟೆಲ್ಲ ಮಾಡಿ ಆರಿಸಿದ ಮೇಯರ್ ಅವಧಿ ಆಗ ಒಂದೇ ವರ್ಷ ಇತ್ತು. ಯಾವ ಫೈಲು ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಹಾರ ಹಾಕಿ ಕಳಿಸುತ್ತಿದ್ದೆವು. ಆ ಒಂದು ವರ್ಷದಲ್ಲೂ ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ಲೇಔಟ್ ಬಿಡಿಎದು, ಕರೆಂಟು ಬೆಸ್ಕಾಂನದು. ಬೈಗುಳ ಮಾತ್ರ ಮೇಯರ್‌ದು. ಲಂಡನ್ನಿನ ಮೇಯರ್ ಕೈಯಲ್ಲಿ ಬಸ್ಸು, ಮೆಟ್ರೋ ಎರಡೂ ಇವೆ. ಕೆನ್ ಲಿವಿಂಗ್‌ಸ್ಟನ್ 2000ದಲ್ಲಿ ಸ್ವಂತ ಪಕ್ಷ ಟಿಕೆಟ್ ಕೊಡದಿದ್ದಾಗ ಪಕ್ಷೇತರರಾಗಿ ನಿಂತು ಗೆದ್ದವರು. 2003ರಲ್ಲಿ ಊರ ನಡುವೆ ಕಾರು ತರುವವರ ಮೇಲೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು. ಎಷ್ಟು ವಿರೋಧ ಬಂದರೂ ಹಿಂದೆ ಸರಿಯಲಿಲ್ಲ. ಅಧಿಕಾರ ಇತ್ತು, ನಾಲ್ಕು ವರ್ಷದ ಅವಧಿ ಇತ್ತು, ಜನ ನೇರವಾಗಿ ಆರಿಸಿದ್ದರು. ಅವರನ್ನೂ ರಂಗುರಂಗಿನ ಮನುಷ್ಯ ಅಂತಲೇ ಕರೆಯುತ್ತಿದ್ದರು.

ನಮ್ಮಲ್ಲಿ ಇದ್ದ ಕುರ್ಚಿಯೂ ಖಾಲಿಯಾಯಿತು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ದಾಟಿದರೂ ಊರಿಗೆ ಒಬ್ಬ ಕಾರ್ಪೊರೇಟರ್ ಬರಲಿಲ್ಲ. ಇದು ಮೊದಲ ಸಲವೂ ಅಲ್ಲ. 2006ರ ಕೊನೆಯಿಂದ 2010ರವರೆಗೂ ಹೀಗೇ ಆಗಿತ್ತು. ಈ ಮಧ್ಯೆ ವಾರ್ಡ್ 243 ಆದವು, 225 ಆದವು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಮೇಯರ್ ಅವಧಿ 30 ತಿಂಗಳು ಅಂತ ಕಾಯ್ದೆ ಬರೆದರು, ಸಂತೋಷ. ಆದರೆ ಐದೂ ಪಾಲಿಕೆಗಳ ಮೇಲೆ ಕೂತ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಊರನ್ನು ಊರಿನವರೇ ಆಳಲಿ ಅಂತ 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದದ್ದು ಇದಕ್ಕಾಗಿಯಾ?

ಈ ವರ್ಷಗಳಲ್ಲಿ ನಮ್ಮ ಬೀದಿಯ ಮೋರಿ ಕಟ್ಟಿಕೊಂಡಾಗ ನಾನು ಒಂದು ಕಚೇರಿಗೆ ಫೋನ್ ಮಾಡಿದೆ. ಇನ್ನೊಂದು ಕಚೇರಿ ಅಂದರು. ಅಲ್ಲಿ ಕೇಳಿದರೆ ಮತ್ತೆ ಮೊದಲನೆಯದನ್ನೇ ಹೇಳಿದರು. ಮಾತಾಡಿದ ಅಧಿಕಾರಿ ತುಂಬಾ ಗಂಭೀರ ಮನುಷ್ಯರು, ಎಂಜಿನಿಯರ್ ಕೂಡ. ಮೋರಿ ನೀರು ಮಾತ್ರ ಅಂಗಳದಲ್ಲೇ ಇತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ವೋಟಿಗೆ ಹೆದರಬೇಕಾದವರು ಯಾರೂ ಆ ಫೋನಿನ ಆಚೆ ಇರಲಿಲ್ಲ, ಅದು ಸಿಟ್ಟು.

ಇನ್ನು ವಾಟಾಳ್. ಅವರು ಕರೆ ಕೊಟ್ಟ ಬಂದ್‌ಗಳೆಲ್ಲ ನನಗೂ ಒಪ್ಪಿಗೆ ಅಲ್ಲ. ದಿನಗೂಲಿಯವರಿಗೆ ಅದರಿಂದ ಆಗುವ ತೊಂದರೆ ಗೊತ್ತು. ಆದರೆ ಬೋರ್ಡ್ ಮೇಲೆ ಕನ್ನಡ ಇರಲಿ ಅಂತ ಎಷ್ಟೋ ದಶಕದಿಂದ ಬೀದಿಯಲ್ಲಿ ನಿಂತವರು. ಚಾಮರಾಜನಗರದ ಜನ ಒಂದಲ್ಲ, ಹಲವು ಸಲ ವಿಧಾನಸಭೆಗೆ ಕಳಿಸಿದವರು. ಎಮ್ಮೆ ತಂದದ್ದನ್ನು ನೋಡಿ ನಗುವವರು, ಆ ಎಮ್ಮೆ ಯಾವ ಬೇಡಿಕೆಗೆ ಬಂದಿತ್ತು ಅಂತ ಒಂದು ಸಲ ಕೇಳಬೇಕಿತ್ತು. ಅವರು ನಿಲ್ಲಲಿ. ಎಂಜಿನಿಯರೂ ನಿಲ್ಲಲಿ, ಪೌರಕಾರ್ಮಿಕರ ಮುಖಂಡರೂ ನಿಲ್ಲಲಿ. ಬೇಡ ಅನ್ನುವ ಹಕ್ಕು ನಿಮ್ಮ ವೋಟಿಗೆ ಇರಲಿ. ನಿಲ್ಲಲೇಬಾರದು ಅಂತ ಪತ್ರ ಬರೆಯೋದು ಮಾತ್ರ ಬೇಡ.

ನಿಮ್ಮ ಅಕ್ಷರ ದುಂಡಗಿದೆ, ಮಾತು ನೇರವಾಗಿದೆ. ಅದೇ ಕೈಯಿಂದ ನಿಮ್ಮ ಶಾಸಕರಿಗೆ ಇನ್ನೊಂದು ಪತ್ರ ಹಾಕಿ. ಮೇಯರ್‌ನ ನಾವೇ ಯಾಕೆ ಆರಿಸಬಾರದು ಅಂತ ಕೇಳಿ. ನಿಮ್ಮ ವಾಕಿಂಗ್ ಗೆಳೆಯರದ್ದೂ ಸಹಿ ಮಾಡಿಸಿ. ಉತ್ತರ ಬಂದರೆ ನಮಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.

— ಸಂ.