ಓದುಗರ ಪ್ರಶ್ನೆ: ‘ಕಾಲವು ಪರಿಪೂರ್ಣವಾದಾಗ’ ಎಂದರೆ ಮುಹೂರ್ತವೇ?

ಪ್ರಶ್ನೆ: ‘ಕಾಲವು ಪರಿಪೂರ್ಣವಾದಾಗ ದೇವರು ತನ್ನ ಮಗನನ್ನು ಕಳುಹಿಸಿದನು’ ಎಂಬ ಬೈಬಲಿನ ಗಲಾತ್ಯ 4:4ನ್ನು ಓದಿಸಿದಾಗ ಸಂಡೆ ಸ್ಕೂಲ್ ಮಕ್ಕಳು ‘ಮುಹೂರ್ತ ನೋಡಿ ಕಳಿಸಿದನಾ?’ ಎಂದರು. ಏನು ಹೇಳಲಿ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಮುಹೂರ್ತವಲ್ಲ. 4ನೇ ವಚನವನ್ನಷ್ಟೇ ಓದಿಸಿದರೆ ಈ ಗೊಂದಲ ಬಂದೇ ಬರುತ್ತದೆ, 1ರಿಂದ ಓದಿಸಿ. ಆಸ್ತಿಯೆಲ್ಲ ಮಗನದೇ, ಆದರೆ ಅವನಿನ್ನೂ ಚಿಕ್ಕವನು. ತಂದೆ ಗೊತ್ತುಮಾಡಿದ ದಿನದವರೆಗೆ ಪಾಲಕರ ಕೈಕೆಳಗೆ ಇರಬೇಕು. ಈ ಪತ್ರ ಬರೆದ ಅಪೊಸ್ತಲ ಪೌಲನ ಹೋಲಿಕೆ ಇದು. ಮನೆಯಲ್ಲಿ ಪಹಣಿ, ಮೈನರ್, ಗಾರ್ಡಿಯನ್ ಎಂಬ ಮಾತು ಕೇಳಿದ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ನಮ್ಮಲ್ಲಿ 18 ತುಂಬಿದರೆ ಸಾಕು, ಅಲ್ಲಿ ದಿನ ಅಪ್ಪನ ಕೈಯಲ್ಲಿದೆ. ಈ ವ್ಯತ್ಯಾಸವನ್ನು ಒತ್ತಿ ಹೇಳಿ.

‘ಪರಿಪೂರ್ಣ’ ಎಂಬಲ್ಲಿ ಮೂಲ ಗ್ರೀಕಿನ ಪದ ‘ಪ್ಲೆರೋಮಾ’, ತುಂಬಿದ್ದು ಎಂದರ್ಥ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ 4 ಭಾನುವಾರಗಳ ಹೊತ್ತಿಗೆ ನಿಮ್ಮ ಕಡೆ ರಾಗಿ ಕೊಯ್ಲಲ್ಲವೇ? ಒಂದು ಬಲಿತ ತೆನೆ, ಒಂದು ತಡವಾಗಿ ಬಂದ ಎಳೆ ತೆನೆ ಒಯ್ಯಿರಿ. ಎಳೆ ಕಾಳನ್ನು ಉಗುರಲ್ಲಿ ಒತ್ತಿಸಿ: ಹಾಲು ಚಿಮ್ಮುತ್ತದೆ. ಈಗಲೇ ಕೊಯ್ದರೆ ಒಣಗಿ ಜೊಳ್ಳಾಗುತ್ತದೆ.

ತುಂಬಿದ್ದು ಏನು? ಅಬ್ರಹಾಮನಿಗೆ ಕೊಟ್ಟ ವಾಗ್ದಾನ, 430 ವರ್ಷದ ಮೇಲೆ ಬಂದ ಧರ್ಮಶಾಸ್ತ್ರ (3:17). ಪೌಲ ಹೇಳುವುದು ಇಷ್ಟೇ. ರೋಮನ್ ರಸ್ತೆಗಳು, ಎಲ್ಲೆಡೆ ಹರಡಿದ್ದ ಗ್ರೀಕ್ ಭಾಷೆ, ಊರೂರಿನ ಯೆಹೂದಿ ಸಭಾಮಂದಿರಗಳು ಸುವಾರ್ತೆಗೆ ದಾರಿಯಾದದ್ದು ನಿಜ. ಆದರೆ ಅದನ್ನು ಚರಿತ್ರೆಯ ಪಾಠವೆಂದೇ ಹೇಳಿ, ವಚನದ ಬಾಯಿಗೆ ತುರುಕಬೇಡಿ.

ದೇವರು ಮಾತು ಕೊಟ್ಟ ಮಗನಿಗಾಗಿ ಕಾಯದೆ ಆತುರಪಟ್ಟರೆ ಏನಾಗುತ್ತದೆಂಬುದಕ್ಕೆ ಆದಿಕಾಂಡದ ಮೂರು ವಯಸ್ಸುಗಳನ್ನು ಬೋರ್ಡಿನ ಮೇಲೆ ಬರೆಯಿರಿ: ಅಬ್ರಹಾಮ ಹಾರಾನ್ ಬಿಟ್ಟಾಗ 75, ದಾಸಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದಾಗ 86, ಹೆಂಡತಿ ಸಾರಳಲ್ಲಿ ಇಸಾಕ ಹುಟ್ಟಿದಾಗ 100. ಆ 86ರ ಅವಸರದ ಪೆಟ್ಟು ಬಿದ್ದದ್ದು ಹಾಗರಳಿಗೂ ಅವಳ ಮಗುವಿಗೂ. ಇದನ್ನು ಹಾರಿಸಬೇಡಿ.

ಇನ್ನೊಂದು ಮಾತು. ಕಾಯಿಲೆ ಬಿದ್ದವರ, ಮಗುವನ್ನು ಕಳಕೊಂಡವರ ಮುಂದೆ ‘ದೇವರ ಸಮಯ ಇನ್ನೂ ಬಂದಿಲ್ಲ’ ಎಂದು ಈ ವಚನ ಎತ್ತುವುದು ತಪ್ಪು. ಪೌಲ ಇಲ್ಲಿ ಬರೆದದ್ದು ಕ್ರಿಸ್ತನ ಬರುವಿಕೆಯನ್ನು ಕುರಿತು, ಒಬ್ಬೊಬ್ಬರ ಸಂಕಟದ ಗಡುವನ್ನಲ್ಲ.

ಪ್ರಶ್ನೆ: ಹಾಗಾದರೆ ಆ ಕಾಲ ತುಂಬಿದ್ದು ಕ್ರಿ.ಶ. 1ರಲ್ಲೇ ತಾನೆ?
– ಗೌರಿಬಿದನೂರಿನ ಓದುಗರು

ಉತ್ತರ: ಅಲ್ಲ. ಕ್ರಿ.ಶ. ಎಂಬ ಈ ಎಣಿಕೆ ಶುರುವಾದದ್ದು 525ರಲ್ಲಿ, ಡಯೊನೀಸಿಯಸ್ ಎಕ್ಸಿಗೂಸ್ ಎಂಬ ಸನ್ಯಾಸಿಯಿಂದ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಯೂದಾಯದ ಅರಸ ಹೆರೋದ ಬದುಕಿದ್ದ. ಅವನು ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಆದ್ದರಿಂದ ಜನನವನ್ನು ಕ್ರಿ.ಪೂ. 6–4ರ ನಡುವೆ ಇಡುತ್ತಾರೆ.