ಅಕ್ಕಿ ಬಂತು, ಪಲ್ಲೆ ಎಲ್ಲಿ?

ಓದುಗರ ಪತ್ರ: ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮೂರ ಸಂತೆ ಮೊದಲು ಬಸ್ ನಿಲ್ಲುವ ಕಡೆ, ಬೇವಿನ ಮರಗಳ ಕೆಳಗೆ ಕೂರುತ್ತಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಊರಾಚೆ ಬಯಲಿಗೆ ಕಳಿಸಿದರು. ಅಲ್ಲಿ ನೆರಳಿಲ್ಲ, ನೀರಿಲ್ಲ, ದೀಪವಿಲ್ಲ. ಐದೂವರೆಗೆಲ್ಲ ಎದ್ದುಬಿಡುತ್ತಾರೆ. ಪಲ್ಲೆ ಮಾರುವ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಈಗ ಬರುವುದು ಬಟ್ಟೆ ಮತ್ತು ಪ್ಲಾಸ್ಟಿಕ್ ಸಾಮಾನಿನ ಗಾಡಿಗಳು. ಮಕ್ಕಳ ಕೈಯಲ್ಲಿ ಹತ್ತು ರೂಪಾಯಿಯ ಕುರುಕಲು ಪಾಕೀಟು. ಕೇಳಿದರೆ, ‘ಮನೆಮನೆಗೂ ಅಕ್ಕಿ ಬರ್ತೈತಿ, ಇನ್ನೇನು ಬೇಕು?’ ಅನ್ನುತ್ತಾರೆ. ಪುಕ್ಕಟೆ ಅಕ್ಕಿ ನಿಲ್ಲಿಸಿದರೆ ಜನ ಮತ್ತೆ ಜೋಳಕ್ಕೆ, ಸಂತೆಗೆ ಬರುತ್ತಾರೇನೋ ಅಂತ ಒಮ್ಮೊಮ್ಮೆ ನನಗೇ ಅನಿಸುತ್ತದೆ. ನಾನು ಸುಮ್ನೆ ಹಳೇದನ್ನು ನೆನೆದು ಕೊರಗುತ್ತಿದ್ದೇನಾ? (ಹೆಸರು ಹಾಕುವುದು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಅಕ್ಕಾವ್ರೆ, ನಮಸ್ಕಾರ.

ಪತ್ರದ ಜೊತೆ ನೀವು ಇಟ್ಟಿದ್ದ ನೋಟ್‌ಬುಕ್ಕಿನ ಹಾಳೆಯನ್ನು ಮೂರು ಸಲ ಓದಿದೆ. ಬೆಳಿಗ್ಗೆ ಮಕ್ಕಳು ಬಂದು ಕೂತ ಮೇಲೆ ‘ರಾತ್ರಿ ಏನುಂಡ್ರಿ?’ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದಿದ್ದೀರಿ. ಅನ್ನ ಸಾರು. ಅನ್ನ ಸಾರು. ಅನ್ನ, ಖಾರಪುಡಿ, ಎಣ್ಣಿ. ಅನ್ನ ಉಪ್ಪಿನಕಾಯಿ. ಅನ್ನ ಹಾಲು ಅಂದಿದ್ದು ಒಂದು ಮಗು. ಪಕ್ಕದಲ್ಲಿ ‘ಮನೆಯಲ್ಲಿ ಎಮ್ಮೆ ಇದೆ’ ಅಂತ ಬರೆದಿದ್ದೀರಿ. ಹತ್ತೊಂಬತ್ತು ಮಕ್ಕಳಲ್ಲಿ ಪಲ್ಲೆ ಅಂದಿದ್ದು ಒಬ್ಬಳೇ. ಅದೂ ಅವರಜ್ಜಿ ಹಿತ್ತಲಲ್ಲಿ ಪುಂಡಿ ಹಾಕಿದ್ದರಿಂದ. ನೆನ್ನೆ ರಾತ್ರಿಯ ಊಟವನ್ನು ಬರೆದಿಟ್ಟವರು ಹಳೇದಕ್ಕೆ ಕೊರಗುತ್ತಿಲ್ಲ, ಅಕ್ಕಾ.

ಮೊದಲು ನಿಮ್ಮ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಅಕ್ಕಿ ನಿಲ್ಲಿಸಬೇಕು ಅನ್ನುವುದನ್ನು. ನಮ್ಮದು ಮಳೆ ಕೈಕೊಡುವ ಸೀಮೆ. ಧಾತು ವರ್ಷದ ಬರ, ಅಂದರೆ 1876ರಿಂದ 78ರ ಬರ, ಬಳ್ಳಾರಿ ಜಿಲ್ಲೆಯನ್ನು ತಿಂದುಹಾಕಿತು. ಆಗ ರೈಲು ಇತ್ತು, ರೈಲಿನಲ್ಲಿ ಕಾಳೂ ಬರುತ್ತಿತ್ತು. ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಅಂಗಡಿಯಲ್ಲಿ ಕಾಳಿದ್ದೂ ಮನೆಯಲ್ಲಿ ಒಲೆ ಹತ್ತಲಿಲ್ಲ. ಅಷ್ಟು ಹಿಂದೆ ಯಾಕೆ, 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಆ ವರ್ಷ ಬಿತ್ತಿದ ಬೀಜವೂ ಕೈಗೆ ಬಾರದ ಮನೆಗಳಲ್ಲಿ ಅನ್ನ ಬೆಂದಿದ್ದು ನ್ಯಾಯಬೆಲೆ ಅಂಗಡಿಯ ಅಕ್ಕಿಯಿಂದ. ಜೋಳ ಕಡಿಮೆಯಾಗಿದ್ದಕ್ಕೆ ಅಕ್ಕಿಯೊಂದೇ ಕಾರಣವೂ ಅಲ್ಲ. ಹತ್ತಿ, ಮೆಕ್ಕೆಜೋಳಕ್ಕೆ ರೊಕ್ಕ ಬರುತ್ತದೆ ಅಂತ ಹೊಲ ಅತ್ತ ಹೋಯಿತು. ಜೋಳ ಕೊಯ್ದು, ತೆನೆ ಮುರಿಯಲು ಆಳು ಸಿಗುವುದಿಲ್ಲ. ಹೊಲದಿಂದ ಬಂದ ಹೆಣ್ಣುಮಗಳು ಮತ್ತೆ ಹತ್ತು ರೊಟ್ಟಿ ಬಡಿಯುವ ಬದಲು ಕುಕ್ಕರ್ ಇಟ್ಟರೆ ಅವಳನ್ನು ದೂರುವುದು ಹೇಗೆ?

ಆದರೆ ‘ಇನ್ನೇನು ಬೇಕು?’ ಅನ್ನುವವರಿಗೆ ಉತ್ತರ ಕೊಡಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕಾರ್ಡಿನ ಒಬ್ಬರಿಗೆ ತಿಂಗಳಿಗೆ 5 ಕಿಲೋ. ಐದು ಜನರ ಮನೆಗೆ 25 ಕಿಲೋ, 2023ರ ಜನವರಿಯಿಂದ ಪುಕ್ಕಟೆ. ಹೊಟ್ಟೆಗೆ ಇದು ದೊಡ್ಡ ಆಸರೆ. ರಕ್ತಕ್ಕೆ ಸಾಲದು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇಲ್ಲ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕಿಂತ ಜಾಸ್ತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಜಾಸ್ತಿ ಮಕ್ಕಳಿಗೆ ರಕ್ತ ಕಡಿಮೆ ಅಂತ ಬಂತು. ನೀವು ತಿಂಗಳಿಗೊಮ್ಮೆ ತಕ್ಕಡಿಗೆ ಹಾಕುವ ಮಕ್ಕಳೇ ಅವು. ಸರ್ಕಾರಕ್ಕೂ ಇದು ಗೊತ್ತಾಗಿದೆ. ರಾಜ್ಯ ಸೇರಿಸಿ ಕೊಡುತ್ತಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಉಪ್ಪು, ಸಕ್ಕರೆಯ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಂಪುಟ ಒಪ್ಪಿತು. ಒಳ್ಳೆಯದೇ. ಆದರೆ ಮೆಂತ್ಯ, ಪುಂಡಿ, ಹಕ್ಕರಕಿ ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ಅದು ಬರುವುದು ಬುಟ್ಟಿಯಲ್ಲಿ, ಸಂತೆಗೆ.

ನಾನು ಯಲಬುರ್ಗಾ ಕಡೆಯವನು, ಎರಿ ಹೊಲದ ಊರು. ಸಂತೆಯ ದಿನ ನಮ್ಮವ್ವ ಎರಡು ಸೇರು ಹೆಸರು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದಳು. ಕಾಳು ಮಾರಿದ ರೊಕ್ಕ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅದರ ಲೆಕ್ಕವನ್ನು ಅಪ್ಪ ಒಂದು ದಿನವೂ ಕೇಳಲಿಲ್ಲ. ಆ ಗಂಟಿನಿಂದಲೇ ಉಳ್ಳಾಗಡ್ಡಿ, ಬದ್ನಿಕಾಯಿ, ನನಗೊಂದು ಪೊಟ್ಟಣ ಚುರುಮರಿ. ಮಾರುವವಳೂ ಅವಳೇ, ಕೊಳ್ಳುವವಳೂ ಅವಳೇ. ಮನೆಯಲ್ಲಿ ಏನು ಬೇಯಬೇಕು ಅಂತ ಅವಳು ತೀರ್ಮಾನ ಮಾಡುತ್ತಿದ್ದದ್ದು ಆ ಸಂತೆಯಲ್ಲೇ.

ನಮ್ಮ ಪಕ್ಕದ ಮನೆಯಲ್ಲಿ ಮೂರು ಮಕ್ಕಳ ತಾಯಿಯೊಬ್ಬಳಿದ್ದಳು, ಗಂಡ ತೀರಿಹೋಗಿದ್ದ. ಅವಳು ಎಂದೂ ಬೆಳಿಗ್ಗೆ ಸಂತೆಗೆ ಹೋದವಳಲ್ಲ. ಹೊತ್ತು ಮುಳುಗುವಾಗ ಹೋಗುವಳು. ಪಲ್ಲೆಯವಳಿಗೆ ಬಾಡುತ್ತಿರುವ ಸೊಪ್ಪನ್ನು ಹೊತ್ತು ವಾಪಸ್ ಹೋಗಲು ಮನಸ್ಸಿಲ್ಲ. ‘ತೊಗೊಳ್ಳೆವ್ವಾ, ಒಂದರ ರೊಕ್ಕಕ್ಕ ಮೂರು ಸಿವುಡು’ ಅನ್ನುವಳು. ಮೇಲೊಂದು ಹಿಡಿ ಕೊಸರು. ರೊಕ್ಕ ಸಾಲದಿದ್ದರೆ ಬರುವ ಸಂತೆಗೆ ಕೊಡು ಅಂತ ಉದ್ರಿ. ಅಂದು ರಾತ್ರಿ ಆ ಮನೆಯಲ್ಲಿ ಪುಂಡಿ ಪಲ್ಲೆಗೆ ಜೋಳದ ನುಚ್ಚು, ಒಂದು ಹಿಡಿ ತೊಗರಿಬೇಳೆ ಬೀಳುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನಮ್ಮ ಅಂಗಳಕ್ಕೂ ಬರುತ್ತಿತ್ತು. ಬಡವರ ಮನೆಗೆ ಪಲ್ಲೆ ತಲುಪುವ ಹೊತ್ತು ಅದು, ಸಂತೆ ಮುಗಿಯುವ ಆ ಕೊನೆಯ ಗಂಟೆ. ಬೆಲೆ ಚೀಟಿ ಅಂಟಿಸಿದ ಅಂಗಡಿಯಲ್ಲಿ ಅಂಥ ಗಂಟೆ ಇಲ್ಲ. ನಿಮ್ಮೂರ ಬಯಲಿನಲ್ಲಿ ದೀಪವಿಲ್ಲ, ಐದೂವರೆಗೆಲ್ಲ ಎದ್ದುಬಿಡುತ್ತಾರೆ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದಾಗ ನನಗೆ ಅವಳೇ ನೆನಪಾದಳು.

‘ಬಸ್ಸು ಪುಕ್ಕಟೆ ಐತಿ, ಕುಷ್ಟಗಿಗೆ ಹೋಗಿ ತರಲಿ’ ಅನ್ನುವವರೂ ಇದ್ದಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಹೋಗಿ ಬರಲು ಅರ್ಧ ದಿನ ಬೇಕು. ಉದ್ಯೋಗ ಖಾತ್ರಿಯಲ್ಲಿ 2025–26ರ ದಿನಗೂಲಿ 370 ರೂಪಾಯಿ ಇತ್ತು. ನಲವತ್ತು ರೂಪಾಯಿಯ ಪಲ್ಲೆಗೆ ಅರ್ಧ ದಿನದ ಕೂಲಿಯನ್ನು ಯಾರು ಕಳೆದುಕೊಳ್ಳುತ್ತಾರೆ? ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಿದ್ದಾಗಲೂ ಅಷ್ಟೇ. ಊರಲ್ಲಿ ಪಲ್ಲೆ ಸಿಕ್ಕರೆ ಅದು ಪಲ್ಲೆ ಆಗುತ್ತದೆ. ಸಿಗದಿದ್ದರೆ, ನೀವೇ ಹೇಳಿದ ಹಾಗೆ, ಮಕ್ಕಳ ಕೈಯಲ್ಲಿ ಹತ್ತು ರೂಪಾಯಿಯ ಕುರುಕಲು ಪಾಕೀಟು.

ಇನ್ನು ಏನು ಮಾಡಬಹುದು ಅನ್ನುವುದು. ಹಳ್ಳಿಯ ಸಂತೆ ಗ್ರಾಮ ಪಂಚಾಯ್ತಿಯ ಕೈಯಲ್ಲಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು, ಮಹಿಳಾ ಗ್ರಾಮಸಭೆಯೂ ಉಂಟು. ಅಲ್ಲಿ ಇದನ್ನು ಎತ್ತಿ. ಸಂತೆ ಹಳೇ ಜಾಗಕ್ಕೇ ಬರಬೇಕು ಅಂತ ಹಟ ಹಿಡಿದರೆ ರಸ್ತೆಯ ನೆಪ ಹೇಳುತ್ತಾರೆ. ಅದಕ್ಕೇ ನೆರಳು, ಕುಡಿಯುವ ನೀರು, ಒಂದು ಶೌಚಾಲಯ, ರಾತ್ರಿ ಎಂಟರವರೆಗೆ ದೀಪ, ಇಷ್ಟನ್ನು ಮೊದಲು ಕೇಳಿ. ಬೆಳಿಗ್ಗೆಯಿಂದ ಸಂಜೆವರೆಗೆ ಶೌಚಾಲಯವಿಲ್ಲದ ಬಯಲಲ್ಲಿ ಹೆಣ್ಣುಮಕ್ಕಳು ಯಾಕೆ ಕೂರುತ್ತಾರೆ, ಅಲ್ವಾ? ಉದ್ಯೋಗ ಖಾತ್ರಿ ದುಡ್ಡಿನಲ್ಲಿ ಸಂತೆ ಕಟ್ಟೆ ಕಟ್ಟಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ.

ಇನ್ನೊಂದು, ಜಕಾತಿ. ಎಷ್ಟೋ ಕಡೆ ಸಂತೆಯ ಸುಂಕವನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹಿಡಿದವನು ಬಟ್ಟೆ ಗಾಡಿಗೂ ಚೀಟಿ ಹರಿಯುತ್ತಾನೆ, ಇನ್ನೂರು ರೂಪಾಯಿಯ ಸೊಪ್ಪು ತಂದವಳಿಗೂ ಹರಿಯುತ್ತಾನೆ. ತಲೆ ಮೇಲೆ ಹೊತ್ತು ತಂದ ಬುಟ್ಟಿಗೆ ಸುಂಕವಿಲ್ಲ ಅಂತ ಹರಾಜಿನ ಷರತ್ತಿನಲ್ಲೇ ಬರೆಸಿ. ಪಂಚಾಯ್ತಿಗೆ ಅದರಿಂದ ಆಗುವ ನಷ್ಟ ತೀರಾ ಸಣ್ಣದು. ನಾನು ಒಂದೇ ಒಂದು ಬೇಡಿಕೆ ಆರಿಸಬೇಕು ಅಂದರೆ ಇದನ್ನೇ ಆರಿಸುತ್ತೇನೆ.

ಕುಷ್ಟಗಿ, ಗಂಗಾವತಿ, ಸಿಂಧನೂರಿನಂಥ ಪಟ್ಟಣದ ಓದುಗರಿಗೂ ಒಂದು ಮಾತು. ನಿಮಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ತಾನಾಗಿ ಬೆಳೆದು ಬಂದ, ಐವತ್ತು ವರ್ಷಕ್ಕಿಂತ ಹಳೆಯ ಮಾರುಕಟ್ಟೆಯಿಂದ ವ್ಯಾಪಾರಿಗಳನ್ನು ಎಬ್ಬಿಸುವ ಹಾಗಿಲ್ಲ ಅಂತ ಅದರಲ್ಲಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಮಂದಿಯಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು.

ಅಕ್ಕಾ, ಆ ನೋಟ್‌ಬುಕ್ ನಿಲ್ಲಿಸಬೇಡಿ. ಸಂತೆಯ ಮರುದಿನ ಒಂದು ಸಲ, ಸಂತೆಗೆ ಮುಂಚಿನ ದಿನ ಒಂದು ಸಲ ಮಕ್ಕಳನ್ನು ಕೇಳಿ. ಎರಡು ತಿಂಗಳು ಬರೆದರೆ ಸಾಕು. ಗ್ರಾಮಸಭೆಯಲ್ಲಿ ಭಾಷಣ ಮಾಡಬೇಕಿಲ್ಲ, ಆ ಹಾಳೆಗಳನ್ನು ಓದಿ. ‘ಅನ್ನ, ಖಾರಪುಡಿ, ಎಣ್ಣಿ’ ಅಂದ ಮಗುವಿನ ಅಪ್ಪನೂ ಅಲ್ಲೇ ಕೂತಿರುತ್ತಾನೆ. ಸಭೆಯ ತಾರೀಖು ಗೊತ್ತಾದ ಕೂಡಲೇ ನನಗೊಂದು ಕಾರ್ಡು ಹಾಕಿ. ಹಿಂದಿನ ದಿನವೇ ಬಸ್ ಹತ್ತುತ್ತೇನೆ.